ಕೇಜ್ ವೀಲ್ ಹಾಕಿಸುವ ಮುಂಚೆ ಹಿಂದಿನ ಗಾಲಿ ನೋಡಿಕೊಳ್ಳಿ

ಕಾಲುವೆಗೆ ನೀರು ಬಿಟ್ಟ ಕೂಡಲೇ ಟ್ರ್ಯಾಕ್ಟರಿಗೆ ಕೇಜ್ ವೀಲ್ (ಕೆಸರುಗದ್ದೆಯಲ್ಲಿ ಓಡಿಸಲು ಹಾಕುವ ಕಬ್ಬಿಣದ ಪಂಜರದಂಥ ಗಾಲಿ) ಹಾಕಿಸಲು ಓಡುವವರು ದಯವಿಟ್ಟು ಇದನ್ನು ಓದಿ. ಹಿಂದಿನ ಗಾಲಿಗಳನ್ನು ಒಳಕ್ಕೆ ತರುವಾಗ ಮೆಕ್ಯಾನಿಕ್ ಮಾಡಿದ ಅರೆಬರೆ ಕೆಲಸದಿಂದ ನಮ್ಮ ಟ್ರ್ಯಾಕ್ಟರಿನ ಒಂದು ಟೈರು, ಒಂದು ಡಿಸ್ಕು (ಗಾಲಿಯ ನಡುವಿನ ಕಬ್ಬಿಣದ ತಟ್ಟೆ) ಹೋಯಿತು. ಓಡಿಸುತ್ತಿದ್ದ ಅಣ್ಣನ ಮಗ ಉಳಿದದ್ದೇ ದೊಡ್ಡದು.

ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಬಯಲು. ನೀರು ಬರುವ ಹೊಲದಲ್ಲಿ ಭತ್ತ, ಬಾರದ ಕಡೆ ಹತ್ತಿ. ಹತ್ತಿಯ ಸಾಲಿಗೆ 3 ಅಡಿ ಅಂತರ ಬಿಡುತ್ತೇವೆ. ಎಡೆ ಹೊಡೆಯುವಾಗ, ಅಂದರೆ ಸಾಲಿನ ನಡುವಿನ ಕಳೆ ತೆಗೆಯುವಾಗ, ಟ್ರ್ಯಾಕ್ಟರು ಎರಡು ಸಾಲುಗಳನ್ನು ಹೊಟ್ಟೆ ಕೆಳಗೆ ಹಾಕಿಕೊಂಡು ಹೋಗಬೇಕು. ಅಂದರೆ ಒಂದು ಗಾಲಿಯ ನಡುವಿನಿಂದ ಇನ್ನೊಂದರ ನಡುವಿಗೆ 6 ಅಡಿ ಬೇಕು. ಜೂನ್‌ನಲ್ಲಿ ಹಾಗೆಯೇ ಅಗಲ ಮಾಡಿಸಿದ್ದೆವು. ಅದೇ ಗಾಡಿ ಗದ್ದೆಗೆ ಇಳಿಯಬೇಕಾದರೆ ಗಾಲಿ ಮತ್ತೆ ಒಳಕ್ಕೆ ಬರಬೇಕು. ಏಕೆಂದರೆ ನಾವು ಹಾಕುವ ಹಾಫ್ ಕೇಜ್ ವೀಲ್ (ಟೈರು ತೆಗೆಯದೆ ಅದರ ಜತೆಗೇ ಜೋಡಿಸುವ ಕೇಜ್) ಕೂರುವುದು ಟೈರಿನ ಹೊರಗಡೆ. ಗಾಲಿ ಮೊದಲೇ ಹೊರಗಿದ್ದರೆ ಕೇಜ್ ಇನ್ನೂ ಹೊರಗೆ ಹೋಗುತ್ತದೆ. ಕೆಸರಿನ ಎಳೆತವೆಲ್ಲ ಆಕ್ಸೆಲ್ಲಿನ ಬೇರಿಂಗ್ ಮೇಲೆ, ಗಾಲಿ ಹಿಡಿದಿರುವ ಸ್ಟಡ್‌ಗಳ (ಬೋಲ್ಟುಗಳ) ಮೇಲೆ ಬೀಳುತ್ತದೆ.

ಕೇಜ್ ಮಾರಿದ ಅಂಗಡಿಯವರೇ ಮೆಕ್ಯಾನಿಕ್‌ನನ್ನು ಕಳಿಸಿಕೊಟ್ಟರು. ಆತ ಹೊಲದ ಬದುವಿನ ಮೇಲೆಯೇ ಜಾಕ್ ಕೊಟ್ಟ. ಎಡಗಾಲಿ ಬಿಚ್ಚಿ, ಅಲ್ಲೇ ಮಗ್ಗುಲು ತಿರುಗಿಸಿ, ಅದೇ ಕಡೆ ಮತ್ತೆ ಹಾಕಿದ. ಬಲಗಾಲಿಗೂ ಹಾಗೇ. ನಟ್‌ಗಳಿಗೆ ಪಾನಾ ಹಾಕಿ ಕಾಲಲ್ಲಿ ಎರಡು ಸಲ ಒದ್ದ. ಟೈರಿನ ಪಟ್ಟಿ (ಮೇಲಿನ ಓರೆ ಉಬ್ಬುಗಳು) ತಿರುವುಮುರುವು ಆಗಿದೆಯಲ್ಲ ಎಂದು ಅಣ್ಣ ಕೇಳಿದ. "ಏನೂ ಆಗಂಗಿಲ್ರಿ ಅಣ್ಣಾರ, ಎಲ್ಲರಿಗೂ ಹಿಂಗ ಹಾಕ್ತೀವಿ" ಅಂದ. ಇನ್ನೂ ಎರಡು ಊರಿಗೆ ಹೋಗಬೇಕು ಎಂಬ ಅವಸರ ಅವನಿಗೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಷ್ಟೋ ಜನರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಿಂದಿನ ಗಾಲಿಯ ಡಿಸ್ಕು ಸಪಾಟಾಗಿರುವುದಿಲ್ಲ, ಒಂದು ಕಡೆ ತಗ್ಗಾಗಿರುತ್ತದೆ. ರಿಮ್ಮಿನ ಒಳಗೆ ಬೆಸುಗೆ ಹಾಕಿದ ಕಿವಿಗಳೂ (ಡಿಸ್ಕನ್ನು ನಟ್ ಹಾಕಿ ಬಿಗಿಯುವ ತುಂಡುಗಳು) ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಇರುತ್ತವೆ. ಡಿಸ್ಕು ಯಾವ ಮಗ್ಗುಲು, ರಿಮ್ಮು ಯಾವ ಮಗ್ಗುಲು, ಡಿಸ್ಕು ಕೂತಿರುವುದು ಕಿವಿಯ ಒಳಗೋ ಹೊರಗೋ ಎಂಬುದರ ಮೇಲೆ ಅಗಲ ಬದಲಾಗುತ್ತದೆ. ಹಲವು ಗಾಡಿಗಳಲ್ಲಿ ಒಂದೊಂದು ಜೋಡಣೆಗೆ ಸುಮಾರು 4 ಇಂಚು ವ್ಯತ್ಯಾಸ. ಇಡೀ ಗಾಲಿಯ ಮಗ್ಗುಲು ಬದಲಿಸುವುದಾದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ಅದೇ ಕಡೆ ತಿರುಗಿಸಿ ಹಾಕಿದರೆ ಟೈರು ಉಲ್ಟಾ ತಿರುಗುತ್ತದೆ. ಸರಿಯಾಗಿದ್ದಾಗ ಪಟ್ಟಿಗಳು ಕೆಸರನ್ನು ಪಕ್ಕಕ್ಕೆ ತಳ್ಳುತ್ತವೆ. ಉಲ್ಟಾ ಆದರೆ ಕೆಸರು ನಡುವಿಗೆ ತುಂಬಿಕೊಂಡು ಗಾಲಿ ಜಾರುತ್ತದೆ. ಪತ್ತೆ ಹಚ್ಚುವುದು ಸುಲಭ: ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ, ಪಟ್ಟಿಗಳು ಕೂಡುವ ಚೂಪು ಮೇಲಕ್ಕಿರಬೇಕು. ಟೈರಿನ ಪಕ್ಕದಲ್ಲಿ ಬಾಣದ ಗುರುತು ಇದ್ದರೆ ಅದು ಮುಂದಕ್ಕೆ ತಿರುಗುವ ದಿಕ್ಕನ್ನೇ ತೋರಿಸಬೇಕು.

ನಮ್ಮಲ್ಲಿ ಗಾಡಿ ಮೊದಲ ಮಡಿಯಿಂದಲೇ ಜಾರತೊಡಗಿತು. ಜಾರಿದಷ್ಟೂ ಎಂಜಿನ್ ಏರಿಸಬೇಕು, ಏರಿಸಿದಷ್ಟೂ ಗಾಲಿಗೆ ಕುಲುಕಾಟ. ರಿಮ್ಮಿನ ಕಿವಿಗೆ ಅಂಟಿದ್ದ ಒಣಮಣ್ಣನ್ನು ಮೆಕ್ಯಾನಿಕ್ ಕೆರೆದೇ ಇರಲಿಲ್ಲ. ಆ ಮಣ್ಣು ನೀರಿಗೆ ಕರಗಿತು, ನಟ್ ಸಡಿಲಾಯಿತು. ಕೆಸರಿನ ಸದ್ದಿನಲ್ಲಿ ಹುಡುಗನಿಗೆ ಏನೂ ಕೇಳಿಸಿಲ್ಲ. ಹಿಂದೆ ಕಟ್ಟಿದ ರೋಟಾವೇಟರ್ (ಮಣ್ಣು ಕಲಸುವ ಯಂತ್ರ) ಎತ್ತಿಕೊಂಡು ಬದು ಹತ್ತಿಸುವಾಗ ಎಡಗಾಲಿ ಒಳಕ್ಕೆ ವಾಲಿತು. ಟೈರಿನ ಒಳಮಗ್ಗುಲು ಮಡ್‌ಗಾರ್ಡಿನ ಬೋಲ್ಟಿಗೆ ಸಿಕ್ಕಿ ಉದ್ದಕ್ಕೆ ಸೀಳಿತು, ಗಾಡಿ ಎಡಕ್ಕೆ ಕುಸಿಯಿತು. ಆ ಕಡೆ ಬದುವಿನ ಏರಿ ಇತ್ತು, ಗಾಡಿ ಅದಕ್ಕೆ ಒರಗಿ ನಿಂತಿತು. ಬಲಕ್ಕೆ ಕುಸಿದಿದ್ದರೆ ಕೆಳಗೆ ಕಾಲುವೆ. ಬಿಚ್ಚಿ ನೋಡಿದರೆ ಡಿಸ್ಕಿನ ತೂತುಗಳು ಉದ್ದುದ್ದ ಆಗಿದ್ದವು, ಎರಡು ಸ್ಟಡ್ ಕತ್ತರಿಸಿದ್ದವು.

ಅಂಗಡಿಯವರ ಉತ್ತರ ಏನು ಗೊತ್ತೇ? "ಕೆಸರಿನ್ಯಾಗ ಓಡಿಸಿದ್ರ ಹಂಗ ಆಗ್ತೈತ್ರಿ." ಕೆಸರಿಗೆಂದೇ ಮಾರುವ ಸಾಮಾನು ಅದು! ಕೂಲಿಗೆ ಬಿಲ್ ಇರಲಿಲ್ಲ, ಹಾಗಾಗಿ ಕೇಳುವ ದಾರಿಯೂ ಇಲ್ಲ. ಅಂಗಡಿಯಿಂದ ಬಂದವರು ಜೋಡಿಸುವುದಾದರೆ ಜೋಡಣೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಸಿ ಬಲಿಯುತ್ತಿತ್ತು, ಬಾಡಿಗೆ ಟ್ರ್ಯಾಕ್ಟರ್ ಸಿಗುವಷ್ಟರಲ್ಲಿ ನಾಟಿ ತಡವಾಯಿತು. ಟೈರಿನ ದುಡ್ಡಿಗಿಂತ ಆ ನಷ್ಟವೇ ಜಾಸ್ತಿ.

ಮೆಕ್ಯಾನಿಕ್ ಗಾಡಿ ಬಿಟ್ಟು ಹೋಗುವ ಮುಂಚೆ ನೀವೇ ಪರೀಕ್ಷೆ ಮಾಡಿ. ಗಾಲಿ ಇನ್ನೂ ಜಾಕ್ ಮೇಲಿರುವಾಗ ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎಲ್ಲ ಕಡೆ ಅಂಗೈ ತೂರಬೇಕು. ಆಮೇಲೆ ಗಾಡಿ ಕೆಳಗಿಳಿಸಿ, ರೋಟಾವೇಟರ್ ಎತ್ತಿ, ಎಡಕ್ಕೂ ಬಲಕ್ಕೂ ದೂಡಿ. ರೋಟಾವೇಟರ್ ಹಿಡಿದಿರುವ ಕೆಳಗಿನ ಲಿಂಕಾಗಲಿ (ತೋಳು), ಅದರ ಚೈನಾಗಲಿ ಟೈರಿಗೆ ತಾಗಬಾರದು. ಗಾಲಿ ಒಳಕ್ಕೆ ಬಂದಾಗ ಈ ಜಾಗವೇ ಮೊದಲು ಕಡಿಮೆಯಾಗುವುದು, ಇದನ್ನು ನೋಡುವವರೇ ಕಡಿಮೆ. ಗಟ್ಟಿ ನೆಲದ ಮೇಲೆ ನಿಂತಾಗ ಹಾಫ್ ಕೇಜ್ ನೆಲ ಮುಟ್ಟಬಾರದು, ಟೈರಿಗಿಂತ ಸ್ವಲ್ಪ ಚಿಕ್ಕದಿರಬೇಕು.

ನಟ್ ಎರಡು ಸಾಲು ಇರುತ್ತವೆ: ಹಬ್‌ಗೆ (ಆಕ್ಸೆಲ್ಲಿನ ತುದಿಗೆ) ಡಿಸ್ಕು ಹಿಡಿಯುವವು, ಡಿಸ್ಕಿಗೆ ರಿಮ್ಮು ಹಿಡಿಯುವವು. ಎರಡೂ ಬಿಗಿಯಾಗಬೇಕು, ಅದೂ ಎದುರುಬದುರು ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ. ಎಷ್ಟು ಬಿಗಿ ಎಂಬುದು ಗಾಡಿಯ ಜತೆ ಕೊಟ್ಟ ಪುಸ್ತಕದಲ್ಲಿದೆ, ಬಿಗಿಯನ್ನು ಅಳೆಯುವ ಟಾರ್ಕ್ ಪಾನಾ ಇರುವ ಕಡೆಯೇ ಮಾಡಿಸಿ. ಒಂದು ತಾಸು ಓಡಿಸಿ ನಿಲ್ಲಿಸಿ, ಮತ್ತೊಮ್ಮೆ ಬಿಗಿ ಮಾಡಿ. ಸಂಜೆಯೂ ನೋಡಿ.

ಜಾಕ್ ವಿಷಯದಲ್ಲಂತೂ ಬದುವಿನ ಮಣ್ಣನ್ನು ನಂಬಲೇಬೇಡಿ. ಗಟ್ಟಿ ನೆಲಕ್ಕೆ ಗಾಡಿ ತನ್ನಿ, ಜಾಕ್ ಕೆಳಗೆ ದಪ್ಪ ಹಲಗೆ ಇಡಿ, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆ ಕೊಡಿ. ಆಕ್ಸೆಲ್ ಕೆಳಗೆ ಸ್ಟ್ಯಾಂಡ್ ಕೊಡದೆ ಯಾರೂ ಕೈ ಹಾಕಬಾರದು. ತೂಕಕ್ಕೆಂದು ಟೈರಿಗೆ ನೀರು ತುಂಬಿಸಿದ್ದರೆ ಮೊದಲು ತೆಗೆಸಿ, ಕಬ್ಬಿಣದ ತೂಕ ಇದ್ದರೆ ಅದನ್ನೂ ಬಿಚ್ಚಿಸಿ. ನೀರು ತುಂಬಿದ ಗಾಲಿ ವಾಲಿದರೆ ಇಬ್ಬರು ಸೇರಿದರೂ ತಡೆಯಲು ಆಗುವುದಿಲ್ಲ. ಅದರ ಹತ್ತಿರ ಮಕ್ಕಳನ್ನು ಬಿಡಬೇಡಿ.