ನ್ಯೂರೋಫೀಡ್‌ಬ್ಯಾಕೋ, ಬಯೋಫೀಡ್‌ಬ್ಯಾಕೋ?

ಎರಡೂ ನಮ್ಮೊಳಗೆ ನಡೆಯುವುದನ್ನು ಪರದೆಯ ಮೇಲೆ ನೋಡುತ್ತಾ ಹಿಡಿತಕ್ಕೆ ತರಲು ಕಲಿಯುವ ತರಬೇತಿಗಳೇ; ಬಯೋಫೀಡ್‌ಬ್ಯಾಕ್‌ನಲ್ಲಿ ಎದೆಬಡಿತ, ಉಸಿರಿನಂಥವು, ನ್ಯೂರೋಫೀಡ್‌ಬ್ಯಾಕ್‌ನಲ್ಲಿ ಮಿದುಳಿನ ಅಲೆಗಳು. ಆತಂಕಕ್ಕಾದರೆ ನನ್ನ ಓಟು ಬಯೋಫೀಡ್‌ಬ್ಯಾಕ್‌ಗೆ. ಬೆರಳಿಗೋ ಕಿವಿಗೋ ಒಂದು ಕ್ಲಿಪ್, ಪರದೆಯ ಮೇಲೆ ಎದೆಬಡಿತದ ವೇಗದ ಗೆರೆ. ನಿಮಿಷಕ್ಕೆ ಸುಮಾರು 6 ಸಲದಂತೆ ನಿಧಾನವಾಗಿ ಉಸಿರಾಡುತ್ತಾ ಹೋದರೆ, ಅಡ್ಡಾದಿಡ್ಡಿ ಏರಿಳಿಯುತ್ತಿದ್ದ ಗೆರೆ ಅಲೆಯ ಹಾಗೆ ನುಣುಪಾಗುವುದು ಕಣ್ಣಿಗೇ ಕಾಣುತ್ತದೆ. ಒಮ್ಮೆ ರೂಢಿಯಾದರೆ ಯಂತ್ರವೂ ಬೇಡ.

ನ್ಯೂರೋಫೀಡ್‌ಬ್ಯಾಕ್ ಅಷ್ಟು ಸಲೀಸಲ್ಲ. ತಲೆಗೆ ಜೆಲ್ ಹಚ್ಚಿ, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಸೆನ್ಸರ್ ಕೂರಿಸುತ್ತಾರೆ. 4–8 ಹರ್ಟ್ಸ್‌ನ (ಸೆಕೆಂಡಿಗೆ 4–8 ಸಲದ) ನಿಧಾನದ ಥೀಟಾ ಅಲೆ ತಗ್ಗಿ, ವೇಗದ ಬೀಟಾ ಅಲೆ ಹೆಚ್ಚಿದಾಗ ಪರದೆಯ ಆಟ ಮುಂದೆ ಸಾಗುತ್ತದೆ. ಸಾಮಾನ್ಯವಾಗಿ 30–40 ಸೆಷನ್! ಎಡಿಎಚ್‌ಡಿ ಎಂಬ ಗಮನದ ತೊಂದರೆಗೆ ಇದರದ್ದೇ ಪ್ರಚಾರ ಜಾಸ್ತಿ. ಆದರೆ ಯಾರದು ಅಸಲಿ ತರಬೇತಿ, ಯಾರದು ತೋರಿಕೆಯದು ಎಂಬುದನ್ನು ಮುಚ್ಚಿಟ್ಟು ನಡೆಸಿದ ಪ್ರಯೋಗಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಎಡಿಎಚ್‌ಡಿಗೆ ತೆಗೆದುಕೊಳ್ಳುತ್ತಿರುವ ಔಷಧಿ ನಿಲ್ಲಿಸಿ ಇದರ ಹಿಂದೆ ಹೋಗಬೇಡಿ.