ಬೀಜಕ್ಕೆ ನಾಲ್ಕು ಸ್ಟಾರ್, ಕ್ಯಾಲೆಂಡರಿಗೆ ಸೊನ್ನೆ

ಆನ್‌ಲೈನ್‌ನಲ್ಲಿ ಸಿಗುವ ‘ವರ್ಷವಿಡೀ ಕೈತೋಟ’ ಥರದ ಬೀಜದ ಡಬ್ಬಿ ತರಿಸಬೇಕಾ ಬೇಡವಾ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಬೀಜ ಚೆನ್ನಾಗಿವೆ, ತರಿಸಿ. ಜೊತೆಗೆ ಬರುವ ಬಣ್ಣಬಣ್ಣದ ಕ್ಯಾಲೆಂಡರನ್ನು ಮಾತ್ರ ನಂಬಬೇಡಿ. ನಾನು ತರಿಸಿದ ಕಂಪನಿಯ ಹೆಸರು ಬರೆಯುತ್ತಿಲ್ಲ, ಅವರ ಮೇಲೆ ಹಗೆ ಏನೂ ಇಲ್ಲ.

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಮೂರನೇ ಮಹಡಿ, ಪೂರ್ವಕ್ಕೆ ಬಾಲ್ಕನಿ. ಟೆರೇಸಿನಲ್ಲೂ ಒಂದು ಮೂಲೆಯನ್ನು ಸೊಸೈಟಿಯವರು ನನಗೂ ನಮ್ಮ ವಿಂಗ್‌ನ ವಿಜಯಪುರದ ವೈನಿಗೂ ಬಿಟ್ಟುಕೊಟ್ಟಿದ್ದಾರೆ. ನೀರು ಸೋರಿದರೆ ಜವಾಬ್ದಾರಿ ನಿಮ್ಮದೇ ಎಂದು ಬರೆಸಿಕೊಂಡೇ ಕೊಟ್ಟದ್ದು, ಅದು ಬೇರೆ ಮಾತು.

ಡಬ್ಬಿಯಲ್ಲಿ ಬರುವುದು: ಹೂವು ಮತ್ತು ತರಕಾರಿಯ ಬೀಜದ ಪೊಟ್ಟಣಗಳು, ನೀರು ಹಾಕಿದರೆ ಉಬ್ಬುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆಗಳು, ಒಂದು ಪುಟ್ಟ ಖುರ್ಪಿ, ಕ್ಯಾಲೆಂಡರ್. ಖುರ್ಪಿ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿಯಿತು. ಬಿಲ್ಲೆಗಳು ಪರವಾಗಿಲ್ಲ. ಬೇಕಿದ್ದವರು ಟುಲಿಪ್ ಗಡ್ಡೆಗಳನ್ನೂ ಹೆಚ್ಚಿನ ದುಡ್ಡು ಕೊಟ್ಟು ಸೇರಿಸಿಕೊಳ್ಳಬಹುದು. ನಾನು ಸೇರಿಸಿಕೊಂಡೆ.

ಈಗ ಕ್ಯಾಲೆಂಡರ್. ಮಾರ್ಚ್: ಟೊಮೆಟೊ ಬೀಜವನ್ನು ಮನೆಯೊಳಗೆ, ಕಿಟಕಿಯ ಪಕ್ಕ ಬಿತ್ತಿ. ಮೇ ಕೊನೆ: ಕೊನೆಯ ಹಿಮ ಬಿದ್ದ ಮೇಲೆ ಸಸಿಗಳನ್ನು ಹೊರಗೆ ನೆಡಿ. ಜುಲೈ: ಸುಗ್ಗಿ. ಅಕ್ಟೋಬರ್: ಗಿಡ ಕಿತ್ತು ಮಡಿಗಳನ್ನು ಒಣ ಎಲೆಯಿಂದ ಮುಚ್ಚಿ. ನವೆಂಬರ್‌ನಿಂದ ಫೆಬ್ರವರಿ: ವಿಶ್ರಾಂತಿ, ಮುಂದಿನ ವರ್ಷದ ಯೋಜನೆ ಮಾಡಿ. ಪುಣೆಯ ಮೇ ತಿಂಗಳಲ್ಲಿ ಎಲ್ಲಿಯ ಹಿಮ ಮಾರಾಯರೇ! ಟೆರೇಸಿನ ಫರ್ಸಿಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಇನ್ನು ಜುಲೈ ಎಂದರೆ ಮೋಡ, ಜಿಟಿಜಿಟಿ ಮಳೆ, ಎಷ್ಟೋ ದಿನ ಬಿಸಿಲಿನ ಮುಖವೇ ಕಾಣುವುದಿಲ್ಲ.

ಫೋಟೊ ತೆಗೆದು ಕೆನಡಾದ ಕ್ಯಾಲ್ಗರಿಯಲ್ಲಿರುವ ತಂಗಿಗೆ ಕಳಿಸಿದೆ. “ಅಕ್ಕಾ, ಇದು ನಮ್ಮೂರಿಂದು ಇದ್ದಂಗದ ಅಲಾ!” ಎಂದು ನಕ್ಕಳು. ನಿಜವೇ. ಅಲ್ಲಿ ಹಿಮದ ಕಾಟವಿಲ್ಲದ ದಿನಗಳು ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ. ಅದಕ್ಕೇ ಅವಳು ಟೊಮೆಟೊ ಸಸಿಗಳನ್ನು ಲೈಟಿನ ಕೆಳಗೆ ಮನೆಯೊಳಗೇ ಬೆಳೆಸುತ್ತಾಳೆ. ಮೇ 25ಕ್ಕೆ ಮುಂಚಿನ ಸೋಮವಾರ ಅಲ್ಲಿ ವಿಕ್ಟೋರಿಯಾ ಡೇ ರಜೆ. ಆ ರಜೆ ಕಳೆಯುವ ತನಕ ನಾಜೂಕಿನ ಸಸಿಗಳನ್ನು ಹೊರಗೆ ನೆಡಬಾರದು ಎಂಬುದು ಆ ಕಡೆಯವರ ರೂಢಿ. ನೆಡುವ ಮುಂಚೆಯೂ ವಾರದ ಮಟ್ಟಿಗೆ ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು ಒಳಗೆ ತರುತ್ತಾಳೆ, ಗಾಳಿ ಬಿಸಿಲು ರೂಢಿಯಾಗಲಿ ಎಂದು. ಬೆಳ್ಳುಳ್ಳಿಯನ್ನು ಚಳಿಗೆ ಮುಂಚೆ ನೆಲಕ್ಕೆ ಹಾಕಿಬಿಡುತ್ತಾಳೆ. ಅದು ಹಿಮದಡಿ ಚಳಿಗಾಲ ಕಳೆದು ಮುಂದಿನ ಬೇಸಿಗೆಯಲ್ಲಿ ಕೀಳಲಿಕ್ಕೆ ಬರುತ್ತದೆ. ಅವಳ ಗೋಡೆಗೆ ಈ ಕ್ಯಾಲೆಂಡರ್ ಸರಿಯಾಗಿಯೇ ಇದೆ. ನನಗೆ ಯಾಕೆ ಕಳಿಸಿದರು ಅಂತ?

ಕಂಪನಿಗೆ ಫೋನ್ ಮಾಡಿದೆ. ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ಇದು ಆಲ್ ಇಂಡಿಯಾ ಕ್ಯಾಲೆಂಡರ್ ಮೇಡಂ ಅಂದ. ಶ್ರೀನಗರಕ್ಕೂ ಕನ್ಯಾಕುಮಾರಿಗೂ ಒಂದೇನಾ ಎಂದು ಕೇಳಿದ್ದಕ್ಕೆ ಫೀಡ್‌ಬ್ಯಾಕ್ ಬರೆದುಕೊಳ್ಳುತ್ತೇನೆ ಅಂದ. ಬರೆದುಕೊಂಡಿರಬೇಕು.

ಅವರ ಮಾತೂ ಪರೀಕ್ಷೆಯಾಗಲಿ ಎಂದು ಲೆಟಿಸ್ ಪೊಟ್ಟಣವನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಕ್ಯಾಲೆಂಡರ್ ಹೇಳಿದಂತೆ ಏಪ್ರಿಲ್‌ನಲ್ಲಿ ಬಿತ್ತಿದೆ. ಒಂದೂ ಏಳಲಿಲ್ಲ. ಲೆಟಿಸ್ ಸ್ವಭಾವವೇ ಹಾಗೆ: ಮಣ್ಣಿನ ಬಿಸಿ 30 ಡಿಗ್ರಿ ದಾಟಿದರೆ ಹೆಚ್ಚಿನ ತಳಿಗಳ ಬೀಜ ಮೊಳಕೆ ಒಡೆಯದೆ ಸುಮ್ಮನಿದ್ದುಬಿಡುತ್ತದೆ. ಇನ್ನೊಂದು ಪಾಲನ್ನು ದೀಪಾವಳಿ ಮುಗಿದ ಮೇಲೆ ಬಿತ್ತಿದೆ. ಇಲ್ಲಿ ‘ಅಕ್ಟೋಬರ್ ಹೀಟ್’ ಅಂತ ಒಂದಿದೆಯಲ್ಲ, ಅದು ಇಳಿಯುವ ತನಕ ಕಾಯಬೇಕು. ಮಣ್ಣು ಒದ್ದೆ ಮಾಡಿ, ಬೀಜ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿದೆ ಅಷ್ಟೇ. ಮೇಲೆ ಮಣ್ಣು ಎಳೆಯಲಿಲ್ಲ, ಮೊಳೆಯಲು ಅದಕ್ಕೆ ಬೆಳಕೂ ಬೇಕು. ವಾರದೊಳಗೆ ಕುಂಡದ ತುಂಬ ಹಸಿರು. ಹೊರಗಿನ ಎಲೆ ಮಾತ್ರ ಕತ್ತರಿಸುತ್ತ ಹೋದರೆ ಫೆಬ್ರವರಿವರೆಗೂ ಬರುತ್ತದೆ. ವೈನಿ ಅದನ್ನು ಮೆಂತ್ಯದ ಎಳೆ ಎಲೆ, ಹಸಿ ಉಳ್ಳಾಗಡ್ಡಿ, ಗುರೆಳ್ಳು ಪುಡಿ ಹಾಕಿ ಪಚಡಿ ಮಾಡಿ, ರೊಟ್ಟಿ ಜೊತೆ ಕಳಿಸಿದ್ದರು. ಹೋಟೆಲಿನ ಸಲಾಡಿಗಿಂತ ಎಷ್ಟೋ ಮೇಲು.

ಹೂವಿನ ಬೀಜಗಳಿಗೆ ಪೂರ್ತಿ ಅಂಕ ಕೊಡುತ್ತೇನೆ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಇವರು ಅದಕ್ಕೆ ಲೇಪ ಕೊಟ್ಟು ಸಾಬೂದಾಣಿಯ ಮರಿಯಂತೆ ಮಾಡಿದ್ದಾರೆ. ಒಂದೊಂದಾಗಿ ಹಿಡಿದು ಇಡಬಹುದು, ನೀರು ಚಿಮುಕಿಸಿದರೆ ಲೇಪ ಕರಗುತ್ತದೆ. ನನ್ನಂಥ ಚಾಳೀಸು ಬಂದವರಿಗೆ ಇದು ದೊಡ್ಡ ಉಪಕಾರ. ಸ್ವೀಟ್ ಪೀ ಬೀಜವನ್ನು ರಾತ್ರಿಯಿಡೀ ನೆನೆಸಿ ಹಾಕಬೇಕು. ಪೊಟ್ಟಣದ ಮೇಲೆ ಅದನ್ನು ಬರೆದಿಲ್ಲ, ಬರೆಯಬೇಕಿತ್ತು. ಸಂಕ್ರಾಂತಿ ಹೊತ್ತಿಗೆ ಬಳ್ಳಿ ಗ್ರಿಲ್ ತುಂಬ ಹಬ್ಬಿ, ಸಂಜೆ ಬಾಗಿಲು ತೆಗೆದರೆ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಹೋಳಿ ಕಳೆದ ಮೇಲೆ ಎಲೆಯ ಮೇಲೆ ಬಿಳಿ ಬೂದಿ ರೋಗ, ಆಟ ಮುಗಿಯಿತು.

ಅಂದರೆ ಚಳಿದೇಶದವರ ಬೇಸಿಗೆಯಲ್ಲಿ ಬೆಳೆಯುವುದೆಲ್ಲ ನಮಗೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಮಾಲು. ಅವರ ತೋಟ ಮಲಗಿದಾಗ ನಮ್ಮದು ಏಳುತ್ತದೆ. ಎಂಪ್ರೆಸ್ ಗಾರ್ಡನ್‌ನ ಪುಷ್ಪ ಪ್ರದರ್ಶನ ಜನವರಿ ಕೊನೆಗೆ ಇರುವುದು ಸುಮ್ನೆ ಅಲ್ಲ. ಆ ತೋಟ ನಡೆಸುವ ಸಂಸ್ಥೆ 1830ರಲ್ಲಿ ಶುರುವಾದದ್ದು, ಈ ಊರಿನ ಹವೆ ಅವರಿಗೆ ಗೊತ್ತು. ಒಂದು ಸಲ ಹೋಗಿ ನೋಡಿ ಬಂದರೂ ಕ್ಯಾಲೆಂಡರಿಗಿಂತ ಜಾಸ್ತಿ ತಿಳಿಯುತ್ತದೆ.

ಕೆಲವು ಪೊಟ್ಟಣಗಳಿಗೆ ತಿಂಗಳು ಬದಲಿಸಿದರೂ ಉಪಯೋಗವಿಲ್ಲ. ಈರುಳ್ಳಿಯನ್ನೇ ನೋಡಿ. ಚಳಿದೇಶದ ಈರುಳ್ಳಿ ತಳಿ ಗಡ್ಡೆ ಕಟ್ಟಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಹಗಲು ಬೇಕು. ಕ್ಯಾಲ್ಗರಿಯಲ್ಲಿ ಜೂನ್‌ನಲ್ಲಿ 16 ಗಂಟೆಗೂ ಮೇಲೆ ಹಗಲಿರುತ್ತದೆ. ಪುಣೆಯಲ್ಲಿ ಎಷ್ಟು ಉದ್ದದ ದಿನವಾದರೂ 13 ಗಂಟೆಯ ಮೇಲೆ ಸ್ವಲ್ಪ, ಅಷ್ಟೇ. ಎಷ್ಟು ಗೊಬ್ಬರ ಸುರಿದರೂ ಹಗಲು ಉದ್ದವಾಗುತ್ತದೆಯೇ? ನಮ್ಮ ಕುಂಡದಲ್ಲಿ ಎಲೆ ಮೊಣಕೈಯಷ್ಟು ಬಂತು, ಕೆಳಗೆ ಗಡ್ಡೆ ಇಲ್ಲ. ತಪ್ಪಲನ್ನು ಝುಣಕಕ್ಕೆ ಹಾಕಿ ತಿಂದೆವು. ನಾಸಿಕ್ ಕಡೆ ಬೆಳೆಯುವ ತಳಿಗಳಿಗೆ ಕಡಿಮೆ ಹಗಲು ಸಾಕು, ಅಂಥದ್ದನ್ನೇ ಡಬ್ಬಿಗೆ ಹಾಕಬಹುದಿತ್ತು. ಕೇಲ್ ಎಂಬ ಕೋಸಿನ ಜಾತಿಯ ಸೊಪ್ಪು ಬೆಳೆಯಿತು, ಆದರೆ ಕಹಿ ಜಾಸ್ತಿ. ಹಿಮ ತಾಗಿದಾಗ ಅದರ ಎಲೆಯಲ್ಲಿ ಸಕ್ಕರೆ ಹೆಚ್ಚಿ ಸಿಹಿಯಾಗುತ್ತದೆಯಂತೆ. ತಂಗಿ ಹಿಮ ಬಿದ್ದ ಮೇಲೆಯೇ ಕೊಯ್ಯುತ್ತಾಳೆ. ನಮಗೆ ಆ ಭಾಗ್ಯವಿಲ್ಲ.

ಟುಲಿಪ್ ಕಥೆ ಇನ್ನೂ ಮಜಾ. ಅದರ ಗಡ್ಡೆಗೆ ಮೂರು ತಿಂಗಳಿಗೂ ಮೇಲೆ ಚಳಿ ಬೇಕು, 9 ಡಿಗ್ರಿಯ ಕೆಳಗೆ. ಪುಣೆಯ ಚಳಿಯಲ್ಲಿ ಕೆಲವು ರಾತ್ರಿ ಅಷ್ಟು ಇಳಿಯಬಹುದು, ಮಧ್ಯಾಹ್ನ ಮತ್ತೆ ಫ್ಯಾನ್ ಹಾಕಬೇಕು. ಹಾಗಾಗಿ ಕಾಗದದ ಚೀಲದಲ್ಲಿ ಫ್ರಿಜ್ಜಿನ ತರಕಾರಿ ಡ್ರಾಯರಿಗೆ. ಪಕ್ಕದಲ್ಲಿ ಸೇಬು ಇಡಬಾರದು, ಹಣ್ಣು ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ. ಮನೆಯಲ್ಲಿ ಅಷ್ಟು ದಿನ ಸೇಬು ಹೊರಗೇ ಇತ್ತು, ಯಜಮಾನರ ಗೊಣಗಾಟ ಬೇರೆ. ಡಿಸೆಂಬರ್ ಕೊನೆಗೆ ಕುಂಡಕ್ಕೆ ಹಾಕಿದೆ. ಮೂರು ಹೂ ಬಂದವು, ಗೇಣುದ್ದದ ಗಿಡ್ಡ ದಂಟಿನ ಮೇಲೆ. ನಾಲ್ಕು ದಿನಕ್ಕೆ ದಳ ಉದುರಿತು. ಗಡ್ಡೆ ಮತ್ತೆ ಬಲಿಯುವ ಮುಂಚೆಯೇ ಸೆಕೆಗೆ ಎಲೆ ಹಳದಿಯಾಯಿತು. ಟುಲಿಪ್ ನೋಡುವ ಆಸೆಯಿದ್ದರೆ ಮಾರ್ಚ್ ಕೊನೆಗೆ ಶ್ರೀನಗರಕ್ಕೆ ಹೋಗಿ, ಜಬರ್ವಾನ್ ಬೆಟ್ಟದ ಬುಡದಲ್ಲಿ ದೊಡ್ಡ ತೋಟವಿದೆ. ಕುಂಡದಲ್ಲಿ ಬೇಡ.

ಬೇಸಿಗೆ, ಮಳೆಗಾಲಕ್ಕೆ ಈ ಡಬ್ಬಿಯಲ್ಲಿ ತುಳಸಿ ಜಾತಿಯ ಬೇಸಿಲ್, ಜಿನಿಯಾ ಬಿಟ್ಟರೆ ಹೆಚ್ಚೇನಿಲ್ಲ. ಆ ತಿಂಗಳುಗಳಿಗೆ ಮಾರ್ಕೆಟ್ ಯಾರ್ಡ್ ಕಡೆಯ ಬೀಜದಂಗಡಿಯೇ ಸರಿ. ಬೆಂಡೆ, ಚವಳೀಕಾಯಿ, ಹೀರೆ, ರಾಜಗಿರಿ ಎಲ್ಲ ಅಗ್ಗಕ್ಕೆ ಸಿಗುತ್ತವೆ. ಪುಂಡಿ ಬೀಜವನ್ನು ಅಂಬಾಡಿ ಎಂದು ಕೇಳಿ. ಜೂನ್‌ನಲ್ಲಿ ಹಾಕಿದರೆ ಮಳೆಗೂ ಜಗ್ಗುವುದಿಲ್ಲ.

ಕೊಳ್ಳುವುದಿದ್ದರೆ ಗಣಪತಿ ಹೋದ ಮೇಲೆ ಆರ್ಡರ್ ಮಾಡಿ. ಮಾರ್ಚ್‌ನ ‘ಸ್ಪ್ರಿಂಗ್ ಸೇಲ್’ಗೆ ಮರುಳಾಗಬೇಡಿ, ಆ ಬೀಜ ಬೇಸಿಗೆ ಮಳೆಗಾಲವೆಲ್ಲ ನಿಮ್ಮ ಕಪಾಟಿನಲ್ಲೇ ಕೊಳೆಯುತ್ತದೆ. ಡಬ್ಬಿ ಬಂದ ಕೂಡಲೇ ಪೊಟ್ಟಣದ ಹಿಂದೆ ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣ ಬರೆದಿದೆಯಾ ನೋಡಿ. ನನ್ನ ಡಬ್ಬಿಯಲ್ಲಿ ಪ್ಯಾನ್ಸಿ ಪೊಟ್ಟಣದ ಅವಧಿ ಮುಗಿದಿತ್ತು. ಫೋಟೊ ಕಳಿಸಿದೆ, ಬದಲಿ ಪೊಟ್ಟಣ ವಾರದಲ್ಲಿ ಬಂತು. ಅದರ ಜೊತೆ ಇನ್ನೊಂದು ಕ್ಯಾಲೆಂಡರನ್ನೂ ಕಳಿಸಿದ್ದಾರೆ.