ಆಡಿಟರ್ ಆಫೀಸಿನಲ್ಲಿ ಝೆಡ್‌ಝೆಡ್ ಗಿಡ: ಏಳು ವರ್ಷದ ಅನುಭವ

ದಾವಣಗೆರೆಯಲ್ಲಿ ನಮ್ಮದು ಆಡಿಟರ್ ಆಫೀಸು. ಎರಡನೇ ಮಹಡಿ, ಉತ್ತರಕ್ಕೆ ಒಂದೇ ಕಿಟಕಿ, ಉಳಿದ ಮೂರು ಗೋಡೆಗೂ ಫೈಲಿನ ಬೀರು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಟ್ಯೂಬ್‌ಲೈಟ್ ಉರಿಯುತ್ತಲೇ ಇರಬೇಕು. 2018ರ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವಳು ಐದು ಗಿಡ ಕೊಂಡು, ರೈಲಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ತಂದೆ. ಅರೆಕಾ ಪಾಮ್, ಪೀಸ್ ಲಿಲಿ, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝೆಡ್‌ಝೆಡ್ (ಝಾಮಿಯೋಕಲ್ಕಾಸ್ ಝಾಮಿಫೋಲಿಯಾ ಅನ್ನುವ ಉದ್ದ ಹೆಸರಿನ ಮೊದಲಕ್ಷರಗಳು). ಅವತ್ತಿನ ಗಿಡಗಳಲ್ಲಿ ಇವತ್ತಿಗೂ ಉಳಿದಿರುವುದು ಎರಡು. ಅದರಲ್ಲೂ ಇಡೀ ಗಿಡವಾಗಿ ಉಳಿದದ್ದು ಝೆಡ್‌ಝೆಡ್ ಒಂದೇ.

ತರುವಾಗ ನನ್ನ ತಲೆಯಲ್ಲಿದ್ದದ್ದು ಗಾಳಿ ಶುದ್ಧವಾಗುತ್ತದೆ ಅನ್ನುವ ಮಾತು. ಗಿಡ ಮಾರುವವರೆಲ್ಲ ಇದಕ್ಕೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಅಧ್ಯಯನವೊಂದರ ಹೆಸರು ಹೇಳುತ್ತಾರೆ. 1989ರ ಆ ಅಧ್ಯಯನ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಹಾಗೆ ನಡೆದ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ಪರಿಶೀಲಿಸಿದವರ ಲೆಕ್ಕದಲ್ಲಿ, ಮಾಮೂಲಿ ಕಟ್ಟಡದಲ್ಲಿ ಗಾಳಿಯಾಡುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದಲೇ ಆಗಬೇಕೆಂದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಐದು ಕುಂಡಕ್ಕೆ ಆಗುವ ಕೆಲಸವಲ್ಲ. ಹೊಸ ಗಾಳಿ ಬೇಕಿದ್ದರೆ ಕಿಟಕಿ ತೆರೆಯಿರಿ. ಗಿಡವನ್ನು ಕಣ್ಣಿಗೆ ತಂಪು ಅಂತಲೇ ಇಟ್ಟುಕೊಳ್ಳಿ, ಅದು ಸಣ್ಣ ಕಾರಣವೇನಲ್ಲ. ಮಧ್ಯಾಹ್ನ ನಾಲ್ಕಕ್ಕೆ ವೋಚರ್‌ಗಳಿಂದ ತಲೆ ಎತ್ತಿದಾಗ ಎದುರಿಗೆ ಹೊಳೆಯುವ ಹಸಿರು ಕಾಣುವುದು ನನಗೆ ದಿನವೂ ಬೇಕು.

ಆಫೀಸಿಗೆ ಗಿಡ ಆರಿಸುವಾಗ ಅಂದಚಂದ ಆಮೇಲೆ. ನಿಮ್ಮ ಆಫೀಸಿನಲ್ಲಿ ಗಿಡದ ಕಡೆ ಯಾರೂ ತಿರುಗಿ ನೋಡದ ದಿನಗಳು ಎಷ್ಟು ಅಂತ ಮೊದಲು ಎಣಿಸಿ. ನಮಗೆ ಮಾರ್ಚ್ ಕೊನೆ ಮತ್ತು ಸೆಪ್ಟೆಂಬರ್ 30ರ ಆಡಿಟ್ ಗಡುವಿಗೆ ಮೊದಲಿನ ಮೂರು ವಾರ. ಇದು ನನಗೆ ಮನದಟ್ಟಾದದ್ದು 2020ರಲ್ಲಿ. ಲಾಕ್‌ಡೌನ್ ಅಂತ ಮಾರ್ಚ್ 24ಕ್ಕೆ ಬೀಗ ಹಾಕಿದ್ದು, ತೆಗೆದದ್ದು ಹೆಚ್ಚುಕಡಿಮೆ ಎರಡು ತಿಂಗಳ ಮೇಲೆ, ಅದೂ ಕಡು ಬೇಸಿಗೆ. ಅರೆಕಾ ಕಸಬರಿಗೆಯಂತೆ ಒಣಗಿತ್ತು, ಪೀಸ್ ಲಿಲಿ ಮಣ್ಣಿಗೆ ಅಂಟಿಕೊಂಡಿತ್ತು. ಮನಿ ಪ್ಲಾಂಟಿನ ಒಂದು ಬಳ್ಳಿಯ ತುದಿಯಲ್ಲಿ ಮಾತ್ರ ಜೀವವಿತ್ತು. ಸ್ನೇಕ್ ಪ್ಲಾಂಟ್ ಹೇಗಿತ್ತೋ ಹಾಗೇ ಇತ್ತು. ಝೆಡ್‌ಝೆಡ್‌ನ ಎಲೆಗಳ ಮೇಲೆ ದಪ್ಪ ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಎಣ್ಣೆ ಹಚ್ಚಿದಂಥ ಹೊಳಪು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಒಂದೊಂದೇ ಎಲೆ ಒರೆಸುತ್ತಾ ಕೂತೆ.

ಗುಟ್ಟು ಇರುವುದು ಮಣ್ಣಿನೊಳಗೆ. ಮರುವರ್ಷ ಕುಂಡದ ಪಕ್ಕ ಉಬ್ಬಿ ಪ್ಲಾಸ್ಟಿಕ್ ಸೀಳಿತು. ಬಗ್ಗಿಸಿ ತೆಗೆದರೆ ಆಲೂಗಡ್ಡೆ ಗಾತ್ರದ ಗಡ್ಡೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಪೂರ್ವ ಆಫ್ರಿಕಾದ ಒಣ ನೆಲದ ಗಿಡ, ನೀರನ್ನು ಗಡ್ಡೆಯಲ್ಲಿ ಕೂಡಿಡುತ್ತದೆ. ಇದು ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ. ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚಿದಾಗ ಕೈ ತುರಿಸುತ್ತದಲ್ಲ, ಅಂಥದೇ ಹರಳು ಇದರ ರಸದಲ್ಲೂ ಇದೆ. ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಆಫೀಸಿಗೆ ಬರುವ ಮಕ್ಕಳ ಬಾಯಿಗೆ ಎಲೆ ಸಿಗದಂತೆ ಇಡಿ.

ಒಣಗಿಸಿ ಕೊಂದದ್ದಕ್ಕಿಂತ ನೀರು ಹಾಕಿ ಕೊಂದದ್ದಕ್ಕೆ ನನಗೆ ಸಂಕಟ ಹೆಚ್ಚು. ಬಾಟಲಿಯಲ್ಲಿ ಮಿಕ್ಕ ನೀರನ್ನು ಸಂಜೆ ಹೋಗುವಾಗ ಎಲ್ಲರೂ ಪ್ರೀತಿಯಿಂದಲೇ ಸುರಿಯುತ್ತಿದ್ದರು. 2021ರ ಮಳೆಗಾಲದಲ್ಲಿ ಸ್ನೇಕ್ ಪ್ಲಾಂಟಿನ ಎಲೆ ಮುಟ್ಟಿದರೆ ಕೈಗೇ ಬಂತು. ಬುಡ ಕಂದಾಗಿ, ಕೊಳೆತ ಈರುಳ್ಳಿ ವಾಸನೆ. ಅದು ಉಳಿಯಲಿಲ್ಲ. ಝೆಡ್‌ಝೆಡ್‌ನ ಕೆಳಗಿನ ಎರಡು ದಂಟೂ ಹಳದಿಯಾಗಿದ್ದವು. ತಕ್ಷಣ ಕಿತ್ತು, ಮೆತ್ತಗಾದ ಗಡ್ಡೆ ಕತ್ತರಿಸಿ, ಗಾಯಕ್ಕೆ ಅರಿಶಿನ ಹಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿದೆ. ಆಮೇಲೆ ಕೆಮ್ಮಣ್ಣು, ಅಷ್ಟೇ ಮರಳು, ಅದರರ್ಧ ಎರೆಗೊಬ್ಬರ, ಒಂದು ಹಿಡಿ ಇದ್ದಿಲ ಚೂರು ಬೆರೆಸಿ ನೆಟ್ಟೆ. ಅಂದಿನಿಂದ ಗೋಡೆಯಲ್ಲಿ ಒಂದು ಹಾಳೆ ಇದೆ: ನೀರು ಹಾಕಿದ ತಾರೀಖು, ಹಾಕಿದವರ ಸಹಿ. ಹಾಕುವ ಮುಂಚೆ ಟಿಕ್ ಹಾಕುವ ಪೆನ್ಸಿಲನ್ನು ಮಣ್ಣಿಗೆ ಬೆರಳುದ್ದ ಚುಚ್ಚಿ ತೆಗೆಯಬೇಕು, ಮಣ್ಣು ಅಂಟಿ ಬಂದರೆ ಇವತ್ತು ನೀರಿಲ್ಲ. ಬೇಸಿಗೆಯಲ್ಲಿ 12-15 ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಸರಿಹೋಗುತ್ತದೆ.

ಕೆಳಗೆ ನೀರು ತುಂಬಿಸಿ ಬತ್ತಿ ಮೂಲಕ ಮೇಲೇರಿಸುವ ಕುಂಡವನ್ನೂ 2022ರಲ್ಲಿ ತಂದು ನೋಡಿದೆ. ಮನಿ ಪ್ಲಾಂಟಿಗೆ ಬಹಳ ಒಳ್ಳೆಯದು, ಆ ಉಳಿದ ತುದಿಯಿಂದ ಮಾಡಿದ ಬಳ್ಳಿ ಈಗ ಬೀರುವಿನ ಮೇಲಿಂದ ನೆಲ ಮುಟ್ಟುತ್ತಿದೆ. ಝೆಡ್‌ಝೆಡ್‌ಗೆ ಬೇಡವೇ ಬೇಡ, ಮಣ್ಣು ಒಣಗುವುದೇ ಇಲ್ಲ. ನಮ್ಮದು ಬೋರ್‌ವೆಲ್‌ನ ಗಡಸು ನೀರು, ಹಾಗಾಗಿ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆ ಬಂದಾಗ ಬಕೆಟ್ ಹಿಡಿದು ಆ ನೀರನ್ನು ಮೇಲಿಂದ ಹರಿಸಿ ತೊಳೆಯುತ್ತೇನೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಲೇಬೇಕು. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಅಂಥ ನಿಂತ ನೀರಿನ ಅಂಚಿನಲ್ಲೇ.

ಝೆಡ್‌ಝೆಡ್‌ಗೆ ಕುಂದು ಇಲ್ಲವೆಂದಲ್ಲ. ಬೆಳವಣಿಗೆ ನಿಧಾನ, ವರ್ಷಕ್ಕೆ ಮೂರೋ ನಾಲ್ಕೋ ದಂಟು. ಬೀರುವಿನ ಮರೆಯಲ್ಲಿಟ್ಟ ವರ್ಷ ಒಂದೂ ಬರಲಿಲ್ಲ, ಇದ್ದವೂ ಬೆಳಕಿನ ಕಡೆ ಬಾಗಿದವು. ಮಬ್ಬು ಬೆಳಕಲ್ಲಿ ಸಾಯುವುದಿಲ್ಲ ಅನ್ನುವುದು ನಿಜ, ಆದರೆ ಬದುಕಿರುವುದೇ ಬೇರೆ, ಬೆಳೆಯುವುದೇ ಬೇರೆ. ಕಿಟಕಿಯಿಂದ ನಾಲ್ಕೈದು ಅಡಿಯೊಳಗೆ ಇಡಿ. ಕೊಳ್ಳುವಾಗ ಬುಡದಿಂದ ಹೊಸ ಮೊಳಕೆ ಏಳುತ್ತಿರುವ ಕುಂಡ ಆರಿಸಿ, ಎಲೆಯ ಕಂಕುಳಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಇದೆಯಾ ನೋಡಿ.

ಕಳೆದ ವರ್ಷ ಗಡ್ಡೆ ಬಿಡಿಸಿ ಮೂರು ಕುಂಡ ಮಾಡಿದೆ. ಒಂದನ್ನು ಕಸ ಗುಡಿಸುವ ಅಕ್ಕ ಮನೆಗೆ ಒಯ್ದರು. ಅವರಿಗೆ ಇನ್ನೊಂದು ಬೇಕಂತೆ, ಅದಕ್ಕೆ ಒಂದು ಬಿಡಿ ಎಲೆಯನ್ನು ಮರಳಿಗೆ ಸಿಕ್ಕಿಸಿಟ್ಟಿದ್ದೇನೆ. ಐದು ತಿಂಗಳಾಯಿತು. ಮೊನ್ನೆ ಮೆಲ್ಲಗೆ ಎತ್ತಿ ನೋಡಿದೆ, ಬುಡದಲ್ಲಿ ಬಟಾಣಿ ಕಾಳಿನಷ್ಟು ಗಡ್ಡೆ ಕಟ್ಟಿದೆ.